ಗಿಡ ಕಿತ್ತವನಿಗೆ ದುಡ್ಡು ಕೊಡಿ

2020ರ ಮೇ 18ರಂದು ಕರ್ನಾಟಕ ಸರ್ಕಾರ ನಾಲ್ಕು ರಾಜ್ಯಗಳಿಂದ ಬರುವವರಿಗೆ ಆ ತಿಂಗಳ ಕೊನೆಯವರೆಗೆ ಬಾಗಿಲು ಹಾಕಿತು: ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡಿಗರಲ್ಲಿ ಆ ದಿನಗಳನ್ನು ಮರೆತವರು ಕಡಿಮೆ. ನಮ್ಮದೇ ಊರಿಗೆ ನಾವೇ ಸೋಂಕು ಎನಿಸಿಕೊಂಡ ದಿನಗಳು ಅವು. ಸಿಟ್ಟು ಬಂದಿತ್ತು, ಬರಬೇಕಾದದ್ದೇ.

ಆದರೆ ಈ ನಾಲ್ಕೂ ಹೆಸರುಗಳು ಅದಕ್ಕೂ ಸುಮಾರು ಅರವತ್ತು ವರ್ಷ ಮೊದಲೇ ಇನ್ನೊಂದು ಪಟ್ಟಿಯಲ್ಲಿ ಸೇರಿದ್ದವು. ಅದು ಬಾಳೆಯ ಪಟ್ಟಿ. ಬಾಳೆಗೆ ತಗಲುವ ಎರಡು ವೈರಸ್ ರೋಗಗಳ ಹೆಸರಿನಲ್ಲಿ ಕೇಂದ್ರ ಸರ್ಕಾರ 1950ರ ದಶಕದ ಕೊನೆ ಮತ್ತು 1960ರ ದಶಕದ ಆರಂಭದಲ್ಲಿ ಅಧಿಸೂಚನೆ ಹೊರಡಿಸಿತು. ಬಂಚಿ ಟಾಪ್ ರೋಗದ ಕಾರಣಕ್ಕೆ ಅಸ್ಸಾಂ, ಕೇರಳ, ಒರಿಸ್ಸಾ, ತಮಿಳುನಾಡು, ಪಶ್ಚಿಮ ಬಂಗಾಳಗಳಿಂದ. ಮೊಸಾಯಿಕ್ ರೋಗದ ಕಾರಣಕ್ಕೆ ಮಹಾರಾಷ್ಟ್ರ ಮತ್ತು ಗುಜರಾತಿನಿಂದ ಬಾಳೆಯ ಕಂದು, ಗಡ್ಡೆ, ದಿಂಡು ಹೊರಗೆ ಹೋಗಕೂಡದು. ಹಣ್ಣಿಗೆ ಮಾತ್ರ ವಿನಾಯಿತಿ. ಅಂದರೆ ಕಲ್ಯಾಣದ ನರ್ಸರಿಯಿಂದ ಒಂದು ಬಾಳೆ ಕಂದನ್ನು ಪೇಪರಿನಲ್ಲಿ ಸುತ್ತಿ ಊರಿಗೆ ಒಯ್ಯುವುದನ್ನು ಕಾನೂನು ತಡೆದು ಎರಡು ತಲೆಮಾರು ಆಯಿತು.

ಇದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಮನುಷ್ಯರ ಮೇಲಿನ ಕ್ವಾರಂಟೈನ್ ಎರಡು ವಾರದಲ್ಲಿ ಮನೆಮಾತಾಯಿತು. ಗಿಡದ ಮೇಲಿನದು ಅರವತ್ತು ವರ್ಷದಲ್ಲಿ ಬಸ್ಸಿನ ಕ್ಲೀನರಿಗೂ ತಲುಪಲಿಲ್ಲ. ಈ ಬರಹದ ತಕರಾರು ಇರುವುದು ಅಲ್ಲಿ. ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಗಿಡಗಳ ಕ್ವಾರಂಟೈನ್ ಬೇಡ ಎನ್ನುವವನು ನಾನಲ್ಲ. ಬೇಕು, ಕಟ್ಟುನಿಟ್ಟಾಗಿ ಬೇಕು. ಆದರೆ ಗಿಡ ಕಿತ್ತವನಿಗೆ ಬೆಲೆ ಕಟ್ಟಿಕೊಡದ ಕ್ವಾರಂಟೈನ್ ಒಂದು ನಾಟಕ. ಅದು ರೋಗವನ್ನು ತಡೆಯುವುದಿಲ್ಲ, ರೋಗವನ್ನು ಮುಚ್ಚಿಡುವುದನ್ನು ಕಲಿಸುತ್ತದೆ.

ಕಟ್ಟೆ ಎಂಬ ಕನ್ನಡದ ಪದ

ಸಸ್ಯರೋಗ ಶಾಸ್ತ್ರದ ಇಂಗ್ಲಿಷ್ ಪುಸ್ತಕಗಳಲ್ಲಿ ಕನ್ನಡದ ಒಂದು ಪದ ಹಾಗೇ ಕೂತಿದೆ: ಕಟ್ಟೆ. ಏಲಕ್ಕಿಯ ಕಟ್ಟೆ ರೋಗ. ಎಲೆಯ ಮೇಲೆ ತಿಳಿಹಸಿರು ಗೀರು, ಆಮೇಲೆ ಅಮೃತಶಿಲೆಯಂಥ ಬಣ್ಣ, ಆಮೇಲೆ ಕುಗ್ಗುವ ಬುಡ. ಮೊದಲ ವರ್ಷ ಕಾಯಿ ಬಿಡುತ್ತದೆ, ಮರುವರ್ಷ ಕಡಿಮೆ, ಮೂರ್ನಾಲ್ಕು ವರ್ಷದಲ್ಲಿ ಮುಗಿಯಿತು. ಇದಕ್ಕೆ ಔಷಧವಿಲ್ಲ. ರೋಗದ ಬುಡವನ್ನು ಗಡ್ಡೆ ಸಮೇತ ಕಿತ್ತು ನಾಶ ಮಾಡುವುದೊಂದೇ ದಾರಿ. ಇದರ ಜೊತೆಗೆ ಕೊಡಗು, ಹಾಸನ, ಶಿವಮೊಗ್ಗ, ಉತ್ತರ ಕನ್ನಡಗಳಲ್ಲಿ ಕಂಡ ‘ಕೊಕ್ಕೆ ಕಂದು’ ಎಂಬ ಇನ್ನೊಂದು ಏಲಕ್ಕಿ ರೋಗವೂ ಕನ್ನಡದ ಹೆಸರಿನಲ್ಲೇ ಪುಸ್ತಕ ಸೇರಿದೆ. ಜಗತ್ತಿನ ವಿಜ್ಞಾನಕ್ಕೆ ನಾವು ಕೊಟ್ಟ ಪದಗಳಲ್ಲಿ ಎರಡು ಹೀಗೆ ರೋಗದ ಹೆಸರುಗಳು.

ಕಟ್ಟೆಯ ಚರಿತ್ರೆ ಮುಂಬಯಿಗೂ ಸೇರಿದ್ದು. ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿತ್ತು. 1900ರ ಹೊತ್ತಿಗೇ ಮುಂಬಯಿ ಪ್ರಾಂತ್ಯದ ಕೃಷಿ ಅಧಿಕಾರಿ ಮಾಲಿಸನ್ ನಮ್ಮ ಜಿಲ್ಲೆಯ ಏಲಕ್ಕಿಯ ಈ ರೋಗವನ್ನು ಬರೆದಿಟ್ಟಿದ್ದ. ಅದು ವೈರಸ್ ರೋಗ, ಅದನ್ನು ಹರಡುವುದು ಗಿಡಹೇನು ಎಂದು 1945ರಲ್ಲಿ ತೋರಿಸಿದವರು ಉಪ್ಪಲ್, ವರ್ಮಾ ಮತ್ತು ಕಪೂರ್. ಅಂದರೆ ರೋಗ ಏನು, ಹೇಗೆ ಹರಡುತ್ತದೆ, ಏನು ಮಾಡಬೇಕು ಎಂಬುದು ಸ್ವಾತಂತ್ರ್ಯ ಬರುವ ಮೊದಲೇ ಗೊತ್ತಿತ್ತು. ನಂತರದ ಸಂಶೋಧನೆಯೂ ಸುಮ್ಮನಿರಲಿಲ್ಲ. ಮಡಿಕೇರಿ ಬಳಿಯ ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರದಿಂದ ಕಟ್ಟೆಯನ್ನು ತಾಳಿಕೊಳ್ಳುವ ‘ವಿಜೇತ’ ಎಂಬ ತಳಿಯೂ ಬಂತು. ವಿಜ್ಞಾನಿಗಳು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಮಾಡದೇ ಉಳಿದದ್ದು ಲೆಕ್ಕಪತ್ರದ ಕೆಲಸ.

ಹೇನು ಎಷ್ಟು ದೂರ ಹಾರುತ್ತದೆ?

ಬಾಳೆಯ ಬಂಚಿ ಟಾಪ್ ನೋಡಿ. ರೋಗ ಬಂದ ಗಿಡದ ಎಲೆಗಳು ಕಿರಿದಾಗಿ, ನೆಟ್ಟಗೆ, ತುದಿಯಲ್ಲಿ ಗೊಂಚಲುಗಟ್ಟಿ ನಿಲ್ಲುತ್ತವೆ. ನರಗಳ ಉದ್ದಕ್ಕೆ ಕಡುಹಸಿರು ಚುಕ್ಕೆ-ಗೆರೆ. ಎಳೆಯದರಲ್ಲೇ ತಗಲಿದರೆ ಗೊನೆಯೇ ಇಲ್ಲ. 1889ರಲ್ಲಿ ಫಿಜಿ ದ್ವೀಪದಲ್ಲಿ ದಾಖಲಾದ ಈ ರೋಗ ಸಿಂಹಳಕ್ಕೆ ಬಂದು, 1940ರ ಸುಮಾರಿಗೆ ಕೇರಳದ ಕೊಟ್ಟಾಯಂ ಕಡೆ ಕಾಣಿಸಿಕೊಂಡಿತು. ಆಮೇಲೆ ತಮಿಳುನಾಡಿನ ಕೆಳ ಪಳನಿ ಬೆಟ್ಟಗಳ ‘ವಿರೂಪಾಕ್ಷಿ’ ಎಂಬ ಸೊಗಸಾದ ಬೆಟ್ಟದ ಬಾಳೆಯನ್ನು ಹೆಚ್ಚುಕಡಿಮೆ ತಿಂದು ಹಾಕಿತು.

ಗಿಡದಿಂದ ಗಿಡಕ್ಕೆ ಇದನ್ನು ಒಯ್ಯುವುದು ಬಾಳೆಯ ಹೇನು. ಅದು ಎಷ್ಟು ದೂರ ಒಯ್ಯುತ್ತದೆ? ಆಸ್ಟ್ರೇಲಿಯಾದಲ್ಲಿ ಅಳೆದು ನೋಡಿದ್ದಾರೆ. ಹೊಸದಾಗಿ ರೋಗ ತಗಲಿದ ಗಿಡಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಳೆಯ ರೋಗದ ಗಿಡದಿಂದ 20 ಮೀಟರಿನ ಒಳಗೇ ಇದ್ದವು. ನೂರರಲ್ಲಿ ತೊಂಬತ್ತೊಂಬತ್ತು 86 ಮೀಟರಿನ ಒಳಗೆ.

ಹೇನಿಗೆ 86 ಮೀಟರ್ ದಾಟುವುದೇ ಕಷ್ಟ. ಹಾಗಿದ್ದರೆ ರೋಗ ಜಿಲ್ಲೆ, ರಾಜ್ಯ, ಸಮುದ್ರ ದಾಟಿದ್ದು ಹೇಗೆ? ಮನುಷ್ಯನ ಕೈಯಲ್ಲಿ. ನೋಡಲು ಚೆನ್ನಾಗಿರುವ, ಒಳಗೆ ವೈರಸ್ ಇರುವ ಕಂದಿನ ರೂಪದಲ್ಲಿ. ಲಾರಿಗಟ್ಟಲೆ ಗಡ್ಡೆ ಸಾಗಿಸುವ ವ್ಯಾಪಾರಿ ಇದರಲ್ಲಿ ದೊಡ್ಡ ಪಾಲುದಾರ. ಚಿಕ್ಕ ಪಾಲು ನಮ್ಮದು. ರಜೆ ಮುಗಿಸಿ ಬರುವಾಗ ಊರಿಂದ ತಂದ ಕಂದು, ಹಬ್ಬಕ್ಕೆ ಹೋಗುವಾಗ ಇಲ್ಲಿಂದ ಒಯ್ದ ‘ಒಳ್ಳೇ ಜಾತಿ’ಯ ಗಡ್ಡೆ, ಬಸ್ಸಿನ ಡಿಕ್ಕಿಯಲ್ಲಿ ಗೋಣಿಚೀಲ, ಮತ್ಸ್ಯಗಂಧಾ ರೈಲಿನ ಸೀಟಿನ ಕೆಳಗೆ ಒದ್ದೆ ಬಟ್ಟೆಯ ಗಂಟು. ನಮ್ಮ ಪ್ರಬಂಧಗಳಲ್ಲಿ, ಕವಿತೆಗಳಲ್ಲಿ ಊರಿನ ತೋಟ ಯಾವಾಗಲೂ ಹಸಿರು. ಕಂದು ಹಂಚಿಕೊಳ್ಳುವುದು ಯಾವಾಗಲೂ ಪ್ರೀತಿ. ಪ್ರೀತಿ ನಿಜ. ಆದರೆ ವೈರಸ್ಸಿಗೆ ಪ್ರೀತಿಯೂ ಒಂದು ವಾಹನ.

ಹಡಗು ಹತ್ತಿಸಬೇಡ ಎನ್ನುವ ಕಾನೂನು

ನಮ್ಮ ದೇಶದ ಗಿಡಗಳ ಕ್ವಾರಂಟೈನಿಗೆ ಆಧಾರ 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ. ಮೊದಲ ಮಹಾಯುದ್ಧಕ್ಕಿಂತ ಕೆಲವು ತಿಂಗಳು ಹಳೆಯದು. ರಾಜ್ಯದಿಂದ ರಾಜ್ಯಕ್ಕೆ ನಿಷೇಧಿತ ಗಿಡ ಸಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಅದು ಯಾರಿಗೆ ಕೊಡುತ್ತದೆ ಗೊತ್ತೇ? ರೈಲು ನಿಲ್ದಾಣದಲ್ಲಿ ಪಾರ್ಸೆಲ್ ಬುಕ್ ಮಾಡುವವನಿಗೆ, ಮತ್ತು ಒಳನಾಡಿನ ಉಗಿ ಹಡಗಿನ ನಿಲ್ದಾಣದಲ್ಲಿ ಸರಕು ಬುಕ್ ಮಾಡುವವನಿಗೆ. ಅವರು ಅಂಥ ಸರಕನ್ನು ಒಪ್ಪಿಕೊಳ್ಳಬಾರದು. ಉಗಿ ಹಡಗು! ಕಲ್ಯಾಣದ ಖಾಡಿಯಲ್ಲಿ ಈಗ ಮರಳು ಮತ್ತು ಹೂಳು ಬಿಟ್ಟರೆ ಬೇರೇನೂ ತೇಲುವುದಿಲ್ಲ. ಸಂಜೆ ಆರಕ್ಕೆ ಹೊರಟು ಬೆಳಗ್ಗೆ ಘಟ್ಟದ ಮೇಲೆ ಇಳಿಸುವ ಸ್ಲೀಪರ್ ಬಸ್ಸುಗಳ ಕಲ್ಪನೆ ಆ ಕಾನೂನಿಗೆ ಇಲ್ಲ.

ಇನ್ನೊಂದು ಕಡೆ ನೋಡಿ. ವಿದೇಶದಿಂದ ಬರುವ ಗಿಡ, ಹಣ್ಣು, ಬೀಜಕ್ಕೆ 2003ರ ಸಸ್ಯ ಕ್ವಾರಂಟೈನ್ ಆದೇಶವಿದೆ. ಶಿವಡಿಯ ಹಾಜಿ ಬಂದರ್ ರಸ್ತೆಯಲ್ಲಿ ಪ್ರಾದೇಶಿಕ ಸಸ್ಯ ಕ್ವಾರಂಟೈನ್ ಕೇಂದ್ರವಿದೆ. ನ್ಹಾವಾ ಶೇವಾ ಬಂದರಿನಲ್ಲಿ ಇಳಿದು ವಾಶಿಯ ಮಾರುಕಟ್ಟೆಗೆ ಬರುವ ಪ್ಲಮ್ಮು, ಪೀಚು, ಚೆರ್ರಿಗಳ ಪೆಟ್ಟಿಗೆಯ ಜೊತೆ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇರಬೇಕು. ಬಂದರಿನ ಬಾಗಿಲಲ್ಲಿ ಕಾವಲು, ಮನೆಯೊಳಗಿನ ಬಾಗಿಲುಗಳೆಲ್ಲ ಹಾರುಹೊಡೆದಿವೆ.

ಹಳೆಯ ಕಾನೂನನ್ನು ಬದಲಿಸುವ ಒಂದು ಪ್ರಯತ್ನ ನಡೆದಿತ್ತು. 2013ರಲ್ಲಿ ಕೃಷಿ ಜೈವಿಕ ಸುರಕ್ಷತಾ ಮಸೂದೆ ಲೋಕಸಭೆಗೆ ಬಂತು. 2014ರಲ್ಲಿ ಲೋಕಸಭೆಯ ಅವಧಿ ಮುಗಿಯಿತು, ಮಸೂದೆಯೂ ಮುಗಿಯಿತು. ಯಾವ ಟೀವಿ ಚರ್ಚೆಯೂ ಅದಕ್ಕೆ ಕಣ್ಣೀರು ಹಾಕಿದ ನೆನಪು ನನಗಿಲ್ಲ.

ಇವೆಲ್ಲದಕ್ಕಿಂತ ದೊಡ್ಡ ಕೊರತೆ ಬೇರೆ. 1914ರ ಕಾಯ್ದೆಯಲ್ಲಿ ನಿಷೇಧವಿದೆ, ದಂಡವಿದೆ, ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡಬಾರದು ಎಂಬ ರಕ್ಷಣೆಯಿದೆ. ಪರಿಹಾರ ಎಂಬ ಮಾತಿಲ್ಲ. ರಾಜ್ಯಗಳ ಕೀಟ-ರೋಗ ಕಾಯ್ದೆಗಳ ಸಾಮಾನ್ಯ ಸ್ವರೂಪವೂ ಹೀಗೆ: ಇಂತಿಷ್ಟು ದಿನದಲ್ಲಿ ರೋಗದ ಗಿಡ ನಾಶ ಮಾಡು ಎಂದು ನೋಟಿಸು, ಮಾಡದಿದ್ದರೆ ಇಲಾಖೆಯೇ ಮಾಡಿ, ಅದರ ಖರ್ಚನ್ನು ರೈತನಿಂದಲೇ ವಸೂಲಿ. ನಿನ್ನ ಗಿಡ ನಾನು ಕೀಳುತ್ತೇನೆ, ಕಿತ್ತ ಕೂಲಿ ನೀನು ಕೊಡು. ಹವಾಮಾನ ಆಧಾರಿತ ಬೆಳೆ ವಿಮೆ ಇದೆಯಲ್ಲ ಎನ್ನಬಹುದು. ಆ ವಿಮೆ ಅಳೆಯುವುದು ಮಳೆಯನ್ನು, ಉಷ್ಣಾಂಶವನ್ನು. ವೈರಸ್ಸನ್ನಲ್ಲ.

ಮೂಢ ಯಾರು?

ನಮ್ಮ ಆಫೀಸಿನ ಮಾತುಗಳಲ್ಲಿ, ಲೋಕಲಿನ ವಿಂಡೋ ಸೀಟಿನ ಪಂಡಿತರಲ್ಲಿ ಒಂದು ವಾದ ಸಲೀಸಾಗಿ ಬರುತ್ತದೆ: ‘ರೈತರಿಗೆ ತಿಳುವಳಿಕೆ ಇಲ್ಲ. ರೋಗ ಬಂದರೂ ಕೀಳುವುದಿಲ್ಲ. ಅವರಿಗೆ ಜಾಗೃತಿ ಮೂಡಿಸಬೇಕು.’ ಜಾಗೃತಿ! ಬ್ಯಾನರ್ ಕಟ್ಟಿ, ಅತಿಥಿಗಳಿಗೆ ಶಾಲು ಹೊದೆಸಿ, ಊಟ ಹಾಕಿ ಮುಗಿಸುವ ಜಾಗೃತಿ.

ಲೆಕ್ಕಕ್ಕೆಂದು ಒಬ್ಬ ಚಿಕ್ಕ ಹಿಡುವಳಿದಾರನನ್ನು ತೆಗೆದುಕೊಳ್ಳಿ. ಎಕರೆ ಅಡಿಕೆ ತೋಟ, ನಡುವೆ ಏಲಕ್ಕಿ, ಅಂಚಿಗೆ ಬಾಳೆ. ಇನ್ನೂರು ಏಲಕ್ಕಿ ಬುಡಗಳಲ್ಲಿ ಇಪ್ಪತ್ತಕ್ಕೆ ಕಟ್ಟೆ. ಆ ಇಪ್ಪತ್ತೂ ಈ ವರ್ಷ ಕಾಯಿ ಬಿಡುತ್ತವೆ. ಕಿತ್ತರೆ ಈ ವರ್ಷದ ಕಾಯಿ ಹೋಯಿತು, ಹೊಸದನ್ನು ನೆಟ್ಟರೆ ಕಾಯಿ ಬರಲು ಎರಡು ಮೂರು ವರ್ಷ. ಸೊಸೈಟಿಯ ಕಂತು ಮಾತ್ರ ಈ ಮಾರ್ಚಿಗೇ ಕಟ್ಟಬೇಕು. ಕಿತ್ತದ್ದರಿಂದ ಲಾಭ ಯಾರಿಗೆ? ಮುಖ್ಯವಾಗಿ ಪಕ್ಕದ ತೋಟದವನಿಗೆ, ಅವನ ಪಕ್ಕದವನಿಗೆ. ಪಕ್ಕದವನು ಕೀಳದಿದ್ದರೆ ಇವನು ಕಿತ್ತದ್ದೂ ವ್ಯರ್ಥ. ಹೇನು ಬೇಲಿ ದಾಟಿ ಮತ್ತೆ ಬರುತ್ತದೆ.

ನಷ್ಟ ಪೂರ್ತಿ ತನ್ನದು, ಲಾಭ ಊರಿನದು. ಇಂಥ ಲೆಕ್ಕದಲ್ಲಿ ಕೀಳದೇ ಸುಮ್ಮನಿರುವವನು ಮೂಢನಲ್ಲ, ಲೆಕ್ಕ ಬಲ್ಲವನು. ನಮ್ಮಲ್ಲಿ ಯಾರಾದರೂ, ಕಂಪನಿಯ ಒಳಿತಿಗಾಗಿ ಮೂರು ವರ್ಷ ಸಂಬಳದ ಒಂದು ಪಾಲು ಬಿಡು ಎಂದರೆ ಬಿಡುತ್ತೇವೆಯೇ? ಎಚ್‌ಆರ್ ವಿಭಾಗಕ್ಕೆ ಎಷ್ಟು ಮಿಂಚಂಚೆ ಹೋಗುತ್ತದೆ! ಅವನಿಗೆ ತಿಳುವಳಿಕೆ ಇಲ್ಲ ಎನ್ನುವುದು ಸುಳ್ಳು. ಕಟ್ಟೆಗೆ ಹೆಸರಿಟ್ಟವನೇ ಅವನು. ರೋಗವನ್ನು ಅಧಿಕಾರಿಗಿಂತ ಒಂದು ತಿಂಗಳು ಮೊದಲು ಗುರುತಿಸುವ ಕಣ್ಣು ಅವನದು. ಆ ಕಣ್ಣು ಕಂಡದ್ದನ್ನು ಬಾಯಿ ಹೇಳದಂತೆ ಮಾಡಿರುವುದು ಕಾನೂನು.

ಪಕ್ಕದಲ್ಲೇ ಇನ್ನೊಂದು ಉದಾಹರಣೆ. ಜಳಗಾಂವ್ ಜಿಲ್ಲೆಯ ರಾವೇರ್, ಯಾವಲ್ ತಾಲೂಕುಗಳು ದೇಶದ ದೊಡ್ಡ ಬಾಳೆ ಸೀಮೆ. ಅಲ್ಲಿನ ರೈತರು ‘ಹರಣ್ಯಾ’ ಎನ್ನುವ ರೋಗ ಸೌತೆಯ ಮೊಸಾಯಿಕ್ ವೈರಸ್ಸಿನದು. ಮಳೆಗಾಲದಲ್ಲಿ ಅದು ಜೋರಾದ ವರ್ಷ ರೈತರು ನೆಟ್ಟ ಎಳೆ ಗಿಡಗಳನ್ನೇ ಸಾಲುಸಾಲು ಕಿತ್ತು ಬದುವಿಗೆ ಎಸೆದಿದ್ದಾರೆ. ಕೀಳಲು ಅವರಿಗೆ ಯಾರೂ ಜಾಗೃತಿ ಮೂಡಿಸಬೇಕಾಗಲಿಲ್ಲ. ಅವರ ಕೂಗು ಒಂದೇ: ಗಿಡದ ದುಡ್ಡು ಯಾರು ಕೊಡುತ್ತಾರೆ?

ದುಡ್ಡು ಕೊಟ್ಟವರು, ಕೊಡದವರು

ಅಮೆರಿಕದ ಪೆನ್ಸಿಲ್ವೇನಿಯಾದ ಆಡಮ್ಸ್ ಕೌಂಟಿಯಲ್ಲಿ 1999ರಲ್ಲಿ ಪೀಚ್ ತೋಟದಲ್ಲಿ ಪ್ಲಮ್ ಪಾಕ್ಸ್ ಎಂಬ ವೈರಸ್ ಸಿಕ್ಕಿತು. ಯುರೋಪಿನಲ್ಲಿ ಇದರ ಹೆಸರು ಶಾರ್ಕಾ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಬಲ್ಗೇರಿಯಾದಲ್ಲಿ ಕಾಣಿಸಿಕೊಂಡು ಇಡೀ ಖಂಡದ ಪ್ಲಮ್, ಪೀಚ್, ಜರ್ದಾಳು ತೋಟಗಳಿಗೆ ಹಬ್ಬಿದ ರೋಗ. ಇದು ಮರವನ್ನು ಕೂಡಲೇ ಕೊಲ್ಲುವುದಿಲ್ಲ. ಹಣ್ಣಿನ ಮೇಲೆ ಉಂಗುರ ಮೂಡಿಸಿ, ರುಚಿ ಕೆಡಿಸಿ, ಮಾಗುವ ಮೊದಲೇ ಉದುರಿಸುತ್ತದೆ. ಇದನ್ನೂ ಹರಡುವುದು ಗಿಡಹೇನು. ದೂರ ಒಯ್ಯುವುದು ಕಸಿ ಗಿಡ ಸಾಗಿಸುವ ಮನುಷ್ಯ. ಕಟ್ಟೆಯ ಹಾಗೇ, ಬಂಚಿ ಟಾಪಿನ ಹಾಗೇ.

ಅಲ್ಲಿ ಕ್ವಾರಂಟೈನ್ ಹಾಕಿದರು. ಹತ್ತು ವರ್ಷ ಎಲೆ ಎಲೆ ಪರೀಕ್ಷೆ ಮಾಡಿದರು. ಸುಮಾರು 1,600 ಎಕರೆ ಹಣ್ಣಿನ ತೋಟ ಕಡಿದು ಹಾಕಿದರು. ರೋಗ ಕಂಡ ಮರ ಮಾತ್ರವಲ್ಲ, ಸುತ್ತಲಿನ ಚೆನ್ನಾಗಿದ್ದ ಮರಗಳೂ ಹೋದವು. ಕಡಿದ ತೋಟಕ್ಕೆ ಒಕ್ಕೂಟ ಸರ್ಕಾರ ಮತ್ತು ರಾಜ್ಯ ಸೇರಿ ಪರಿಹಾರ ಕೊಟ್ಟವು. 2009ರಲ್ಲಿ ಕ್ವಾರಂಟೈನ್ ತೆರವಾಯಿತು. 2019ರಲ್ಲಿ ಇಡೀ ದೇಶವೇ ರೋಗಮುಕ್ತ ಎಂದು ಅಲ್ಲಿನ ಕೃಷಿ ಇಲಾಖೆ ಘೋಷಿಸಿತು. ದುಡ್ಡು ಕೊಟ್ಟರೆ ಗೆಲುವು ಖಚಿತ ಎಂದು ಹೇಳುತ್ತಿಲ್ಲ. ಕೆನಡಾದ ಒಂಟಾರಿಯೊದಲ್ಲಿ 2000ದಲ್ಲಿ ಇದೇ ರೋಗ ಸಿಕ್ಕಿತು. ಅಲ್ಲಿಯೂ ಪರಿಹಾರ ಕೊಟ್ಟು ಕಡಿದರು. 2011ರಲ್ಲಿ ನಿರ್ಮೂಲನೆಯ ಗುರಿ ಕೈಬಿಟ್ಟು, ಹರಡದಂತೆ ತಡೆಯುವುದಕ್ಕೆ ಸೀಮಿತರಾದರು. ದುಡ್ಡು ಕೊಟ್ಟೂ ಸೋಲಬಹುದು. ಆದರೆ ಕೊಡದೇ ಗೆದ್ದವರನ್ನು ಹುಡುಕುವುದು ಕಷ್ಟ.

ಕೊಡದೇ, ಕೇಳದೇ ಕಡಿದರೆ ಏನಾಗುತ್ತದೆ ಎಂಬುದಕ್ಕೆ ಘಾನಾ ನೋಡಿ. ಅಂದಿನ ಗೋಲ್ಡ್ ಕೋಸ್ಟ್. 1936ರಲ್ಲಿ ಕೋಕೋ ಮರಗಳ ಕೊಂಬೆ ಊದಿಕೊಳ್ಳುವ ವೈರಸ್ ರೋಗ ಕಂಡಿತು. 1940ರ ದಶಕದ ನಡುವೆ ಬ್ರಿಟಿಷ್ ಸರ್ಕಾರ ಕಡ್ಡಾಯ ಕಡಿತಕ್ಕೆ ಇಳಿಯಿತು. ವಿಜ್ಞಾನ ಸರಿಯಾಗಿಯೇ ಇತ್ತು. ಆದರೆ ಇನ್ನೂ ಕಾಯಿ ಬಿಡುತ್ತಿದ್ದ ಮರಗಳಿಗೆ ಕೊಡಲಿ ಬಿದ್ದಾಗ, ಕೈಗೆ ಬಂದದ್ದು ಪುಡಿಗಾಸು ಆದಾಗ ರೈತ ನಂಬಲಿಲ್ಲ. 1948ರಲ್ಲಿ ಅಕ್ರಾದಲ್ಲಿ ಗಲಭೆ ಎದ್ದಾಗ ಅದರ ಹಿಂದಿನ ಕಾರಣಗಳಲ್ಲಿ ಈ ಮರ ಕಡಿತದ ಸಿಟ್ಟೂ ಒಂದು ಎಂದು ವಾಟ್ಸನ್ ಆಯೋಗ ದಾಖಲಿಸಿತು. ಕಡಿತ ನಿಂತಿತು, ರೋಗ ನಿಲ್ಲಲಿಲ್ಲ. ಆ ನಂತರದ ದಶಕಗಳಲ್ಲಿ ಅಲ್ಲಿ ಕಡಿದ ಮರಗಳ ಲೆಕ್ಕ ಇಪ್ಪತ್ತು ಕೋಟಿ ದಾಟುತ್ತದೆ. ರೋಗ ಇಂದಿಗೂ ಇದೆ.

ಬಂಚಿ ಟಾಪಿನ ಆಸ್ಟ್ರೇಲಿಯಾ ಇನ್ನೊಂದು ಪಾಠ. 1920ರ ದಶಕದಲ್ಲಿ ಅಲ್ಲಿನ ಬಾಳೆ ಉದ್ಯಮ ಮುಳುಗಿತು ಎನ್ನುವಂತಾಗಿತ್ತು. ಮಗೀ ಎಂಬ ಯುವ ವಿಜ್ಞಾನಿ ಹೇನು ಮತ್ತು ಕಂದುಗಳ ಪಾತ್ರವನ್ನು ತೋರಿಸಿದ ಮೇಲೆ ತೋಟಗಳ ನೋಂದಣಿ, ನಿಯಮಿತ ತಪಾಸಣೆ, ಪರವಾನಗಿ ಇಲ್ಲದೆ ಕಂದು ಸಾಗಿಸಬಾರದು ಎಂಬ ಕಟ್ಟಳೆ ಬಂತು. ನೂರು ವರ್ಷದ ನಂತರವೂ ಆ ರೋಗ ಆಗ್ನೇಯ ಕ್ವೀನ್ಸ್‌ಲ್ಯಾಂಡ್ ಮತ್ತು ಉತ್ತರ ನ್ಯೂ ಸೌತ್ ವೇಲ್ಸ್‌ನ ಚೌಕಟ್ಟಿನಲ್ಲೇ ಕಟ್ಟಿಹಾಕಿದಂತಿದೆ. ಅಲ್ಲಿನ ಬಹುಪಾಲು ಬಾಳೆ ಬೆಳೆಯುವ ಉತ್ತರದ ಸೀಮೆಗೆ ದಾಟಿಲ್ಲ. ಅಲ್ಲಿನ ಬೆಳೆಗಾರ ತಪಾಸಣೆ ಮಾಡುವವನನ್ನು ತನ್ನ ಕಡೆಯವನು ಎಂದು ಎಣಿಸುತ್ತಾನೆ. ನಮ್ಮಲ್ಲಿ ಇಲಾಖೆಯ ಜೀಪು ಬಂದರೆ ತೋಟದವನು ಹಿತ್ತಲಿನಿಂದ ಹೊರಡುತ್ತಾನೆ.

ಕೋಳಿಗೆ ಬೆಲೆ ಇದೆ

ನಮ್ಮ ಸರ್ಕಾರಗಳಿಗೆ ಪರಿಹಾರ ಕೊಡಲು ಬರುವುದಿಲ್ಲ ಎಂದಲ್ಲ. ಕಲ್ಯಾಣದಿಂದ ಕಸಾರಾ ಲೋಕಲ್ ಹಿಡಿದು ಆಸನಗಾಂವಿನಲ್ಲಿ ಇಳಿದರೆ ಶಹಾಪುರ ತಾಲೂಕು. ಅಲ್ಲಿನ ವೇಹಳೋಲಿ ಹಳ್ಳಿಯಲ್ಲಿ 2022ರ ಫೆಬ್ರುವರಿಯಲ್ಲಿ ಕೋಳಿಗಳು ಸತ್ತವು, ಹಕ್ಕಿಜ್ವರ ಖಚಿತವಾಯಿತು. ಸುತ್ತಲಿನ ಒಂದು ಕಿಲೋಮೀಟರಿನೊಳಗಿನ ಸುಮಾರು 25,000 ಕೋಳಿಗಳನ್ನು ಕೊಲ್ಲಲು ಜಿಲ್ಲಾಡಳಿತ ಆದೇಶಿಸಿತು. ಹೀಗೆ ಕೊಂದ ಕೋಳಿಗೆ ತಲೆಗಿಷ್ಟು ಎಂದು ಪರಿಹಾರ ಕೊಡುವ ವ್ಯವಸ್ಥೆ ದೇಶದಲ್ಲಿದೆ. ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಭರಿಸುತ್ತವೆ. 2006ರಲ್ಲಿ ಇದೇ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಬಂದಾಗಲೂ ಪರಿಹಾರ ಕೊಟ್ಟಿದ್ದರು.

ಹಾಗಾದರೆ ಕೋಳಿಗೆ ಕೊಡುವ ಕೈ ಬಾಳೆಗೆ, ಏಲಕ್ಕಿಗೆ ಏಕೆ ಹಿಂಜರಿಯುತ್ತದೆ? ಉತ್ತರ ಅಹಿತಕರ. ಹಕ್ಕಿಜ್ವರ ನಗರದವರಿಗೆ ತಗಲಬಹುದು. ಬಾಳೆಯ ವೈರಸ್ ನಮಗೆ ತಗಲುವುದಿಲ್ಲ. ಕಟ್ಟೆ ಬಂದರೆ ಡೊಂಬಿವಲಿಯ ಯಾವ ಫ್ಲಾಟಿನಲ್ಲೂ ಯಾರೂ ಕೆಮ್ಮುವುದಿಲ್ಲ. ಪರಿಹಾರದ ದುಡ್ಡು ರೈತನ ನಷ್ಟವನ್ನು ನೋಡಿ ಹೊರಡುವುದಿಲ್ಲ, ನಗರದ ಭಯವನ್ನು ನೋಡಿ ಹೊರಡುತ್ತದೆ. ಆ ನಗರದಲ್ಲಿ ನಾವೂ ಇದ್ದೇವೆ.

ಬರುವ ತಕರಾರುಗಳು

‘ದುಡ್ಡು ಕೊಟ್ಟರೆ ದುಡ್ಡಿಗಾಗಿಯೇ ರೋಗ ತರಿಸಿಕೊಳ್ಳುತ್ತಾರೆ.’ ತರಿಸಿಕೊಳ್ಳಬಹುದು, ಪರಿಹಾರ ಬೆಳೆಗಿಂತ ಹೆಚ್ಚಿದ್ದರೆ. ಅದಕ್ಕೇ ಬೆಲೆಯನ್ನು ಲೆಕ್ಕ ಹಾಕಿ ಇಡಬೇಕು: ಹೊಸ ಗಿಡದ ಬೆಲೆ, ಕಿತ್ತ ಕೂಲಿ, ಫಸಲು ಬರುವವರೆಗಿನ ವರ್ಷಗಳ ಆದಾಯದ ಒಂದು ಪಾಲು. ಪೂರ್ತಿ ಅಲ್ಲ, ಮುಚ್ಚಿಡುವುದಕ್ಕಿಂತ ಹೇಳುವುದು ಮೇಲು ಎನ್ನಿಸುವಷ್ಟು. ಬೇಗ ಹೇಳಿದವನಿಗೆ ಹೆಚ್ಚು, ಊರಿಗೆಲ್ಲ ಹಬ್ಬಿದ ಮೇಲೆ ಹೇಳಿದವನಿಗೆ ಕಡಿಮೆ.

‘ಸರ್ಕಾರದ ಹತ್ತಿರ ದುಡ್ಡಿಲ್ಲ.’ ಇಪ್ಪತ್ತು ಬುಡ ಇರುವಾಗ ಕೊಡುವ ದುಡ್ಡು ಚಿಕ್ಕದು. ಎರಡು ಲಕ್ಷ ಬುಡ ಆದಮೇಲೆ ಘೋಷಿಸುವ ಪ್ಯಾಕೇಜು ದೊಡ್ಡದು. ಅದು ಬಹುಪಾಲು ರೈತನಿಗೆ ಮುಟ್ಟುವುದೂ ಇಲ್ಲ. ವಾಶಿಯಂಥ ಸಗಟು ಮಾರುಕಟ್ಟೆಗಳಲ್ಲಿ ಪ್ರತಿ ಲಾರಿಯ ಮೇಲೂ ಶುಲ್ಕ ವಸೂಲಾಗುತ್ತದೆ. ಅದರಲ್ಲಿ ರೂಪಾಯಿಗೆ ಒಂದು ಕಾಸು ಸಸ್ಯರೋಗ ನಿಧಿಗೆ ಹೋದರೆ ಬಾಳೆಹಣ್ಣು ತಿನ್ನುವ ನಾವು ಬಡವರಾಗುವುದಿಲ್ಲ.

‘ಕ್ವಾರಂಟೈನ್ ಎಂಬುದೇ ಕಂಪನಿ ಬೀಜಕ್ಕೆ ದಾರಿ ಮಾಡುವ ಹುನ್ನಾರ, ಬೀಜ-ಕಂದು ಹಂಚಿಕೊಳ್ಳುವುದು ರೈತನ ಹಕ್ಕು.’ ಈ ಮಾತನ್ನು ಹೇಳುವವರಲ್ಲಿ ನನ್ನ ಗೆಳೆಯರೂ ಇದ್ದಾರೆ, ಅವರ ಕಾಳಜಿ ನಿಜವಾದದ್ದು. ಆದರೆ ಹಂಚಿಕೊಳ್ಳುವ ಹಕ್ಕಿನ ಜೊತೆ ಸೋಂಕಿಲ್ಲದ ಗಿಡ ಪಡೆಯುವ ಹಕ್ಕೂ ಇದೆ. ಕಟ್ಟೆ ಏಲಕ್ಕಿಯ ಬೀಜದಿಂದ ಹರಡುವುದಿಲ್ಲ, ಗಡ್ಡೆಯಿಂದ ಹರಡುತ್ತದೆ. ಬೀಜ ಹಂಚಿ, ಧಾರಾಳವಾಗಿ ಹಂಚಿ. ಅಂಗಾಂಶ ಕೃಷಿಯ ಗಿಡಗಳನ್ನು ವೈರಸ್ ಪರೀಕ್ಷೆ ಮಾಡಿ ಪ್ರಮಾಣೀಕರಿಸುವ ವ್ಯವಸ್ಥೆಯನ್ನು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ನಡೆಸುತ್ತಿದೆ. ಅದನ್ನು ದೊಡ್ಡ ಪ್ರಯೋಗಾಲಯಗಳಿಂದ ತಾಲೂಕಿನ ನರ್ಸರಿಯವರೆಗೆ ಇಳಿಸಿ ಎಂದು ಕೇಳೋಣ. ನಾಟಿ ತಳಿಗಳನ್ನೂ ಹಾಗೆ ಶುಚಿ ಮಾಡಿ ಕೊಡಿ ಎಂದು ಕೇಳೋಣ. ರೋಗ ಉಳಿಸಿಕೊಂಡು ತಳಿ ಉಳಿಸಲಾಗದು. ಪಳನಿ ಬೆಟ್ಟದ ವಿರೂಪಾಕ್ಷಿಯನ್ನು ಕೇಳಿ.

ನಾವು ಕೇಳಬೇಕಾದದ್ದು

ಮೊದಲನೆಯದು, 1914ರ ಕಾನೂನಿನ ಜಾಗಕ್ಕೆ ಹೊಸದು ಬರಲಿ; ಅದರಲ್ಲಿ ಪರಿಹಾರ ರೈತನ ಹಕ್ಕು ಎಂದು ಬರೆದಿರಲಿ, ಅಧಿಕಾರಿಯ ಕೃಪೆ ಎಂದಲ್ಲ. ಎರಡನೆಯದು, ಕಿತ್ತ ದಿನವೇ ಪಂಚನಾಮೆ, ತಿಂಗಳೊಳಗೆ ಖಾತೆಗೆ ದುಡ್ಡು, ತಡವಾದರೆ ಬಡ್ಡಿ. ಮೂರನೆಯದು, ಒಬ್ಬೊಬ್ಬರ ತೋಟ ಅಲ್ಲ, ಇಡೀ ಕಣಿವೆ ಒಟ್ಟಿಗೆ. ಹೇನಿನ 86 ಮೀಟರಿಗೆ ಸರ್ವೆ ನಂಬರಿನ ಗಡಿ ಗೊತ್ತಿಲ್ಲ. ನಾಲ್ಕನೆಯದು, ಕ್ವಾರಂಟೈನಿಗೆ ಕೊನೆಯ ದಿನಾಂಕ ಇರಲಿ, ಪ್ರತಿ ವರ್ಷ ಪರಿಶೀಲನೆ ಇರಲಿ. ಅರವತ್ತು ವರ್ಷ ಯಾರೂ ಓದದೇ ಬಿದ್ದಿರುವ ನಿಷೇಧ ನಿಷೇಧವಲ್ಲ.

ಇವುಗಳನ್ನು ಊರಿನಲ್ಲಿ ಕೂತವರು ಕೇಳಿದರೆ ‘ಸಹಾಯಧನದ ಆಸೆ’ ಎನ್ನುತ್ತಾರೆ. ಅದಕ್ಕೇ ನಾವು ಕೇಳಬೇಕು. ಪತ್ರ ಬರೆಯಲು ಬರುವವರು, ಮಸೂದೆ ಓದಲು ಬರುವವರು, ಸಂಘದ ವೇದಿಕೆಗೆ ಮಂತ್ರಿ ಬಂದಾಗ ಮೈಕು ಹಿಡಿಯುವವರು ನಾವೇ. ಸನ್ಮಾನದ ಹಾರದ ಜೊತೆ ಒಂದು ಮನವಿಯನ್ನೂ ಕೊಡಬಹುದು. ಊರಿನಿಂದ ಬಂದ ವಿದ್ಯಾರ್ಥಿಗಳಿಗೆ ಇನ್ನೂ ಸುಲಭದ ಕೆಲಸವಿದೆ: ರಜೆಗೆ ಹೋದಾಗ ತೋಟದ ಎಲೆಯ ಫೋಟೋ ತೆಗೆದು ಸಂಶೋಧನಾ ಕೇಂದ್ರಕ್ಕೆ ಕಳಿಸುವುದು.

ಮತ್ತೆ ಆ ಗೋಣಿಚೀಲ. ಊರಿಗೆ ಹಣ್ಣು ಒಯ್ಯಿರಿ, ಬಟ್ಟೆ ಒಯ್ಯಿರಿ, ಪುಸ್ತಕ ಒಯ್ಯಿರಿ. ಕಂದು ಬೇಡ. 2020ರಲ್ಲಿ ಗಡಿಯಲ್ಲಿ ನಮ್ಮನ್ನು ತಡೆದಾಗ ನಾವು ಕೇಳಿದ ಪ್ರಶ್ನೆ ಸರಿಯಾಗಿತ್ತು: ತಡೆಯುವುದಾದರೆ ಊಟ ಕೊಡಿ, ಜಾಗ ಕೊಡಿ, ಕಳೆದುಹೋದ ಕೂಲಿ ಕೊಡಿ. ಗಿಡಕ್ಕೆ ಬಾಯಿಲ್ಲ. ಅದನ್ನು ನೆಟ್ಟವನಿಗೆ ಇದೆ. ಅವನೂ ಕೇಳುತ್ತಿರುವುದು ಅದೇ ಪ್ರಶ್ನೆ.